ಟ್ಯೂಬಿಲ್ಲದ ಚಕ್ರ, ತಾಳೆಯಾದ ಲೆಕ್ಕ



ಹೋದ ತಿಂಗಳು ನಮ್ಮ ಮನೆಯ ವರಾಂಡ ಎರಡು ವಾರ ಸೈಕಲ್ ಶಾಪ್ ಆಗಿತ್ತು. ನೆಲದ ಮೇಲೆ ಬಿದ್ದ ರಬ್ಬರ್ ಹಾಲಿನ ಕಲೆ ಇನ್ನೂ ಹೋಗಿಲ್ಲ. ನನ್ನ ಹೆಂಡತಿ ದಿನಕ್ಕೊಂದು ಸಲ ಅದನ್ನು ತೋರಿಸಿ, "ನೋಡಿ, ನೀವು ಬಿಟ್ಟ ರಂಗೋಲಿ" ಅನ್ನುತ್ತಾಳೆ. ಆ ರಂಗೋಲಿಯ ಕಥೆಯನ್ನೇ ಈ ವಾರ ಹೇಳುತ್ತೇನೆ. ಅದರಲ್ಲಿ ಸೈಕಲ್ಲಿನ ವಿದ್ಯೆಯೂ ಇದೆ, ನಾನು ಮಾಡಿದ ಒಂದು ತಪ್ಪೂ ಇದೆ.

ನನ್ನ ಮೊಮ್ಮಗ ಏಳನೇ ಕ್ಲಾಸು. ಮನೆಯಲ್ಲಿ ಅವನನ್ನು ಪುಟ್ಟ ಅಂತಲೇ ಕರೆಯುವುದು. ಅವನ ಹತ್ತಿರ ದಪ್ಪ ಟಯರಿನ ಮೌಂಟನ್ ಬೈಕ್ ಇದೆ. ಗುಡ್ಡ, ಕಲ್ಲು, ಕಚ್ಚಾ ರಸ್ತೆ ಎಲ್ಲದರ ಮೇಲೂ ಓಡುವಂಥದ್ದು. ನಾವಿರುವುದು ತುಮಕೂರಿನ ಅಂಚಿನಲ್ಲಿ, ಒಂದು ಕೆರೆ ಏರಿಯ ಹತ್ತಿರ. ಏರಿಯ ಉದ್ದಕ್ಕೂ ಬಳ್ಳಾರಿ ಜಾಲಿ ಬೆಳೆದಿದೆ. ಅದರ ಮುಳ್ಳು ರಬ್ಬರ್ ಚಪ್ಪಲಿಯನ್ನೇ ತೂರಿಕೊಂಡು ಕಾಲಿಗೆ ಬರುತ್ತದೆ, ಇನ್ನು ಸೈಕಲ್ ಟಯರ್ ಯಾವ ಲೆಕ್ಕ? ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಕಂಡದ್ದನ್ನೆಲ್ಲ ಬರೆದಿಡುವ ಚಾಳಿ ಬಿಡುವುದಿಲ್ಲ. ಬರೆದಿಟ್ಟೆ: ಎರಡು ತಿಂಗಳಲ್ಲಿ 11 ಪಂಕ್ಚರ್.

"ತಾತ, ಟ್ಯೂಬೇ ಇಲ್ಲದಿದ್ದರೆ ಪಂಕ್ಚರ್ ಆಗೋದಾದ್ರೂ ಯಾವುದು?" ಅಂದ ಪುಟ್ಟ ಒಂದು ದಿನ.

ನಾನು ನಕ್ಕೆ. ಆಮೇಲೆ ಯೋಚಿಸಿದೆ. ನನ್ನ ಮಗನ ಸ್ಕೂಟರಿನಲ್ಲಿ ಟ್ಯೂಬ್ ಇಲ್ಲ, ಬೀದಿಯಲ್ಲಿ ನಿಂತಿರುವ ಕಾರುಗಳಲ್ಲೂ ಇಲ್ಲ. ಸೈಕಲ್ಲಿಗೆ ಮಾತ್ರ ಏಕೆ ಬೇಕು?

ಗಾಳಿ ತುಂಬಿದ ಟಯರನ್ನು ಲೋಕದಲ್ಲಿ ಚಾಲ್ತಿಗೆ ತಂದವರು ಬೆಲ್‌ಫಾಸ್ಟ್ ಊರಿನ ಒಬ್ಬ ದನದ ಡಾಕ್ಟರು, ಜಾನ್ ಬಾಯ್ಡ್ ಡನ್ಲಪ್. ಮಗನ ಮೂರು ಗಾಲಿ ಸೈಕಲ್ಲು ಕಲ್ಲುಹಾಸಿನ ರಸ್ತೆಯಲ್ಲಿ ಕುಲುಕುವುದನ್ನು ನೋಡಲಾರದೆ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದರು. 1888ರಲ್ಲಿ ಪೇಟೆಂಟ್ ಪಡೆದರು. ಅವತ್ತಿನಿಂದ ಟಯರು ಮತ್ತು ಟ್ಯೂಬು ಅಣ್ಣತಮ್ಮಂದಿರಂತೆ ಒಟ್ಟಿಗೇ ಇದ್ದವು. 1999ರಲ್ಲಿ ಫ್ರಾನ್ಸಿನ ಮಾವಿಕ್ ಎಂಬ ಕಂಪನಿ, ಟಯರ್ ಕಂಪನಿಗಳ ಜೊತೆ ಸೇರಿ, ಮೌಂಟನ್ ಬೈಕಿಗೆ ಟ್ಯೂಬ್ ಬೇಡದ ಚಕ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಆದರೆ ಅಂಥ ಚಕ್ರದ ಬೆಲೆ ಕೇಳಿದರೆ ನಮ್ಮಂಥವರಿಗೆ ತಲೆ ಸುತ್ತುತ್ತದೆ. ಹಾಗಾಗಿ ಜಗತ್ತಿನ ಎಷ್ಟೋ ಊರುಗಳಲ್ಲಿ ಹುಡುಗರು ತಮ್ಮ ಹಳೆಯ ಚಕ್ರವನ್ನೇ ಮನೆಯಲ್ಲಿ ಟ್ಯೂಬ್‌ಲೆಸ್ ಮಾಡಿಕೊಳ್ಳುವ ಉಪಾಯ ಕಂಡುಕೊಂಡರು. ನಾವು ಮಾಡಿದ್ದೂ ಅದನ್ನೇ.

ಈ ಉಪಾಯದಲ್ಲಿ ಒಂದು ತಮಾಷೆ ಇದೆ. ಟ್ಯೂಬ್ ಬೇಡ ಅನ್ನುವುದಕ್ಕೆ ಮೊದಲು ಒಂದು ಟ್ಯೂಬ್ ಬೇಕು! ಪುಟ್ಟನ ಚಕ್ರ 26 ಇಂಚಿನದು. ಅದಕ್ಕೆ ಚಿಕ್ಕ ಮಕ್ಕಳ ಸೈಕಲ್ಲಿನ 20 ಇಂಚಿನ ಟ್ಯೂಬ್ ತರಬೇಕು. ಚಿಕ್ಕದಾದ್ದರಿಂದ ಎಳೆದು ತೊಡಿಸಿದಾಗ ರಿಮ್ಮಿನ ಮೇಲೆ ಬಿಗಿಯಾಗಿ ಕೂರುತ್ತದೆ. ಮೊದಲು ಟಯರನ್ನು ಬಿಚ್ಚಿ, ರಿಮ್ಮನ್ನು ಒರೆಸಿ, ಸ್ಪೋಕಿನ ತಲೆಗಳು ಚುಚ್ಚದಂತೆ ಒಳಗಿನ ಪಟ್ಟಿ ಸರಿಯಾಗಿದೆಯೇ ಎಂದು ನೋಡಬೇಕು. ಟ್ಯೂಬಿನ ವಾಲ್ವನ್ನು ರಿಮ್ಮಿನ ತೂತಿನಲ್ಲಿ ಕೂರಿಸಿ, ಉಳಿದದ್ದನ್ನು ಸುತ್ತಲೂ ಎಳೆದು ಹಾಕಬೇಕು. ಆಮೇಲೆ ಟ್ಯೂಬಿನ ಬೆನ್ನಿನ ನಡುವೆ ಕತ್ತರಿಯಿಂದ ಇಡೀ ಸುತ್ತು ಸೀಳಬೇಕು. ಹಲಸಿನ ತೊಳೆ ಬಿಡಿಸಿದ ಹಾಗೆ ಅದು ಬಿಚ್ಚಿಕೊಳ್ಳುತ್ತದೆ. ಎರಡು ಅಂಚುಗಳನ್ನೂ ರಿಮ್ಮಿನ ಎರಡು ಪಕ್ಕಕ್ಕೆ ಮಡಚಿ ಇಳಿಬಿಟ್ಟು, ಮೇಲೆ ಟಯರ್ ಹಾಕುವುದು. ಈಗ ಟಯರಿಗೂ ರಿಮ್ಮಿಗೂ ನಡುವೆ ಒಂದು ರಬ್ಬರ್ ಹಾಸು ಬಂತು. ಗಾಳಿ ಸೋರಲು ಸಂದಿ ಸಿಗುವುದಿಲ್ಲ.

ಸೈಕಲ್ ಶಾಪಿನ ಮಾಮನ ಹತ್ತಿರ 20 ಇಂಚಿನ ಎರಡು ಟ್ಯೂಬ್ ಕೇಳಿದಾಗ ಅವರು ಕಣ್ಣರಳಿಸಿದರು. ವಿಷಯ ತಿಳಿದ ಮೇಲೆ, "ಏನ್ ಸ್ವಾಮಿ, ನನ್ನ ಪಂಕ್ಚರ್ ವ್ಯಾಪಾರಕ್ಕೇ ಪಂಕ್ಚರ್ ಹಾಕ್ತಿದೀರಲ್ಲ" ಅಂದರು. ಹಾಗಂದರೂ, "ಗಾಳಿ ತುಂಬೋಕೆ ಕೈಪಂಪು ಸಾಲಲ್ಲ, ಕಂಪ್ರೆಸರ್ ಹತ್ರ ತನ್ನಿ" ಎಂದು ಹೇಳಿಕೊಟ್ಟವರೂ ಅವರೇ.

ಇನ್ನು ಬೇಕಾದದ್ದು ರಬ್ಬರ್ ಹಾಲು. ಮುಳ್ಳು ಚುಚ್ಚಿದಾಗ ತೂತನ್ನು ತಾನೇ ಮುಚ್ಚುವ ಔಷಧಿ ಅದು. ಅಂಗಡಿಯಲ್ಲಿ ಸಿದ್ಧ ಬಾಟಲಿಯೂ ಸಿಗುತ್ತದೆ. ನನಗೆ ಮಾತ್ರ ಸುಳ್ಯ ನೆನಪಾಯಿತು. ನಾನು ಬ್ಯಾಂಕಿನಲ್ಲಿದ್ದಾಗ ಮೂರು ವರ್ಷ ಆ ಕಡೆಯ ಒಂದು ಶಾಖೆಯಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ರಬ್ಬರ್ ತೋಟಗಳಿವೆ. ಬೆಳಕು ಹರಿಯುವ ಮೊದಲೇ ಕೆಲಸದವರು ತಲೆಗೆ ದೀಪ ಕಟ್ಟಿಕೊಂಡು ಹೋಗಿ ಮರದ ತೊಗಟೆಯ ಮೇಲೆ ಓರೆಯಾಗಿ ತೆಳ್ಳಗೆ ಗೀರುತ್ತಾರೆ. ಗಾಯದಿಂದ ಹಾಲು ಇಳಿದು, ಕಟ್ಟಿಟ್ಟ ತೆಂಗಿನ ಚಿಪ್ಪಿಗೆ ಬೀಳುತ್ತದೆ. ಆ ಸೀಮೆಯವರು ಚಿಪ್ಪಿಗೆ ಗೆರಟೆ ಅನ್ನುತ್ತಾರೆ. ಕೆಲವು ಗಂಟೆಗಳಲ್ಲಿ ಹಾಲು ಗಾಯದ ಮೇಲೇ ಹೆಪ್ಪುಗಟ್ಟಿ ಹರಿವು ನಿಲ್ಲುತ್ತದೆ. ಮಕ್ಕಳೇ, ಇದನ್ನು ಗಮನಿಸಿ. ಮರ ಹಾಲು ಸುರಿಸುವುದು ನಮ್ಮ ಟಯರಿಗೆಂದು ಅಲ್ಲ. ತನ್ನ ಗಾಯವನ್ನು ತಾನು ಮುಚ್ಚಿಕೊಳ್ಳಲು. ನಾವು ಆ ಗುಣವನ್ನು ಸಾಲ ಪಡೆದಿದ್ದೇವೆ, ಅಷ್ಟೆ.

ಈ ಮರ ಮೂಲದಲ್ಲಿ ನಮ್ಮದಲ್ಲ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನದು. 1876ರಲ್ಲಿ ಬ್ರೆಜಿಲ್ಲಿನಿಂದ ಬೀಜಗಳು ಲಂಡನ್ನಿನ ಕ್ಯೂ ಸಸ್ಯತೋಟಕ್ಕೆ ಹೋಗಿ, ಅಲ್ಲಿ ಮೊಳೆತ ಸಸಿಗಳು ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ ಬಂದವು. ಹೀಗೆ ಅದು ನಮ್ಮ ಏಷ್ಯಾದ ತೋಟಗಳನ್ನು ಸೇರಿತು.

ಸುಳ್ಯದ ನನ್ನ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. ಊರಿಗೆ ಬರುವಾಗ ಅವರು ಅರ್ಧ ಲೀಟರ್ ಹಾಲು ತಂದುಕೊಟ್ಟರು. ಬಾಟಲಿಯ ಮುಚ್ಚಳ ತೆಗೆದರೆ ಮೂಗು ಸುಡುವ ವಾಸನೆ. ಅದು ಅಮೋನಿಯ. ಅದನ್ನು ಬೆರೆಸದಿದ್ದರೆ ಹಾಲು ದಾರಿಯಲ್ಲೇ ಒಡೆದು ಗಟ್ಟಿಯಾಗುತ್ತದೆ. ನಿಂಬೆಹಣ್ಣು ಹಿಂಡಿದರೆ ಹಸುವಿನ ಹಾಲು ಒಡೆಯುತ್ತದಲ್ಲ, ಹಾಗೆ ಹುಳಿ ಬಿದ್ದರೆ ರಬ್ಬರ್ ಹಾಲೂ ಒಡೆಯುತ್ತದೆ. ಅಮೋನಿಯ ಹುಳಿಗೆ ವಿರುದ್ಧ. ಅದಿರುವವರೆಗೆ ಹಾಲು ಹಾಲಾಗಿಯೇ ಇರುತ್ತದೆ.

ಎರಡು ಪಾಲು ಹಾಲಿಗೆ ಒಂದು ಪಾಲು ನೀರು ಬೆರೆಸಿದೆವು. ನಮ್ಮ ಬೋರ್‌ವೆಲ್ ನೀರು ಗಡುಸು, ಹಾಲು ಗಂಟಾದೀತೆಂದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತಂದೆವು. ತೂತಿಗೆ ಸಿಕ್ಕಿ ಅಡ್ಡ ನಿಲ್ಲಲು ಏನಾದರೂ ಸಣ್ಣ ಪುಡಿ ಬೇಕು. ಪುಟ್ಟನ ತಂಗಿ ತನ್ನ ಡ್ರಾಯಿಂಗ್ ಡಬ್ಬಿಯಿಂದ ಮಿನುಗುವ ಗ್ಲಿಟರ್ ಪುಡಿ ಕೊಟ್ಟಳು, "ಒಂದೇ ಚಮಚ" ಎಂಬ ಷರತ್ತಿನ ಮೇಲೆ. ಶೋಧಿಸಲು ನಾನು ಅಡುಗೆಮನೆಯ ಜರಡಿ ತಂದೆ. ಆ ಮೇಲೆ ನಡೆದ ಮಾತುಕತೆ ಈ ಪುಟಕ್ಕೆ ಬೇಡ. ಚಳಿ ದೇಶಗಳಲ್ಲಿ ಹೆಪ್ಪುಗಟ್ಟದಿರಲೆಂದು ಕಾರಿನ ಕೂಲೆಂಟ್ ಕೂಡ ಬೆರೆಸುತ್ತಾರೆ. ಅದು ವಿಷ, ರುಚಿ ಬೇರೆ ಸಿಹಿ. ಮಕ್ಕಳಿರುವ ಮನೆಯಲ್ಲಿ ಅದನ್ನು ಮುಟ್ಟಲೇಬೇಡಿ. ನಮ್ಮ ಹವೆಗೆ ಅದರ ಅಗತ್ಯವೂ ಇಲ್ಲ.

ಸೋಮವಾರ ಕೆಲಸ ಶುರು. ಮುಂದಿನ ಚಕ್ರ ಪುಟ್ಟನದು, ಹಿಂದಿನದು ನನ್ನದು. ಕೈ ಪಳಗಲಿ ಎಂದು ಮೊದಲು ಅವನ ಹಳೆಯ, ತೇಪೆ ತುಂಬಿದ ಟ್ಯೂಬುಗಳನ್ನು ಕತ್ತರಿಸಿ ಅಭ್ಯಾಸ ಮಾಡಿದೆವು. ಆಮೇಲೆ ಹೊಸದು. ಪುಟ್ಟ ನಿಧಾನವಾಗಿ, ನಾಲಿಗೆ ಕಚ್ಚಿಕೊಂಡು, ನೇರವಾಗಿ ಸೀಳಿದ. ನಾನು ಐವತ್ತು ವರ್ಷ ಕಾಗದ ಕತ್ತರಿಸಿದವನು, ನನಗೇನು? ವಾಲ್ವಿನ ಹತ್ತಿರ ಬಂದಾಗ ನನ್ನ ಕೈ ಸ್ವಲ್ಪ ನಡುಗಿತು. ಕತ್ತರಿಯ ಕೆಳಗಿನ ತುದಿ ಟ್ಯೂಬಿನ ತಳಕ್ಕೆ ಕುಟುಕಿತು. ಬಗ್ಗಿ ನೋಡಿದೆ. ಸಾಸಿವೆ ಕಾಳಿನಷ್ಟು ಗಾಯ. ಪುಟ್ಟ ನೋಡಲಿಲ್ಲ. "ಹೇಗೂ ಹಾಲು ಹಾಕುತ್ತೇವಲ್ಲ, ಮುಚ್ಚಿಕೊಳ್ಳುತ್ತದೆ" ಎಂದುಕೊಂಡು ನಾನು ಬಾಯಿ ಬಿಡಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಒಂದೊಂದು ಟಯರಿಗೆ 75 ಮಿಲಿಲೀಟರ್ ಹಾಲು ಸುರಿದು, ಕೊನೆಯ ಗೇಣುದ್ದ ಅಂಚನ್ನು ರಿಮ್ಮಿನೊಳಗೆ ತಳ್ಳಿ, ಅಂಚಿಗೆ ಸೋಪಿನ ನೀರು ಸವರಿ, ಮಾಮನ ಅಂಗಡಿಗೆ ಹೊತ್ತುಕೊಂಡು ಹೋದೆವು. ಅವರು ವಾಲ್ವಿನ ಒಳಗಿನ ಪಿನ್ನನ್ನು ತೆಗೆದು ಗಾಳಿ ಬಿಟ್ಟರು. ಪಿನ್ ಇಲ್ಲದಿದ್ದರೆ ಗಾಳಿ ಒಮ್ಮೆಗೇ ನುಗ್ಗುತ್ತದೆ. ಟಪ್, ಟಪ್ ಎಂದು ಟಯರಿನ ಅಂಚು ರಿಮ್ಮಿಗೆ ಕೂತಿತು. ಪುಟ್ಟ ಚಪ್ಪಾಳೆ ತಟ್ಟಿದ. ಮತ್ತೆ ಪಿನ್ ಹಾಕಿ 30 ಪಾಯಿಂಟ್ ಗಾಳಿ ತುಂಬಿಸಿ, ಚಕ್ರವನ್ನು ಅಲ್ಲಾಡಿಸಿ, ತಿರುಗಿಸಿ, ಮನೆಯಲ್ಲಿ ಬಕೆಟ್ಟಿನ ಮೇಲೆ ಅಡ್ಡ ಮಲಗಿಸಿದೆವು. ಒಂದು ಗಂಟೆ ಈ ಮಗ್ಗುಲು, ಒಂದು ಗಂಟೆ ಆ ಮಗ್ಗುಲು. ಹಾಲು ಎಲ್ಲ ಸಂದಿಗೂ ಹೋಗಬೇಕಲ್ಲ.

ಭಾನುವಾರ ಪುಟ್ಟ ಮತ್ತು ಅವನ ಮೂವರು ಗೆಳೆಯರು ನಾಮದ ಚಿಲುಮೆಗೆ ಸೈಕಲ್ಲಿನಲ್ಲಿ ಹೋಗುವುದೆಂದು ತೀರ್ಮಾನವಾಗಿತ್ತು. ದೇವರಾಯನದುರ್ಗದ ಬೆಟ್ಟದ ಬುಡದಲ್ಲಿರುವ ಬುಗ್ಗೆ ಅದು. ಒಬ್ಬ ಹುಡುಗನ ಅಪ್ಪ ಸ್ಕೂಟರಿನಲ್ಲಿ ಜೊತೆಗೆ ಬರುವವರಿದ್ದರು. ನಾನು ಒಂದು ಷರತ್ತು ಹಾಕಿದೆ. "ದಿನಾ ರಾತ್ರಿ 30 ಪಾಯಿಂಟ್ ತುಂಬಿಸಿ, ಬೆಳಿಗ್ಗೆ ಎಷ್ಟಿದೆ ಅಂತ ಅಳೆದು ಬರಿ. ಕೊನೆಯ ಮೂರು ದಿನ 25ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಹೋಗೋ ಹಾಗಿಲ್ಲ." ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೊಟ್ಟೆ. ನಾನು ವಾಕಿಂಗ್ ಹೋದಾಗ ಅವನು ಅಳೆದು ಬರೆಯುತ್ತಿದ್ದ.

ಮಂಗಳವಾರ ಮುಂದಿನ ಚಕ್ರ 26, ಹಿಂದಿನದು 14. ಬುಧವಾರ ಮುಂದಿನದು 28, ಹಿಂದಿನದು 19. ಗುರುವಾರ ಮುಂದಿನದು 28, ಹಿಂದಿನದು 30. ಶುಕ್ರವಾರವೂ ಹಾಗೆಯೇ. ಶನಿವಾರವೂ ಹಾಗೆಯೇ.

ಶನಿವಾರ ರಾತ್ರಿ ಊಟವಾದ ಮೇಲೆ ನೋಟ್‌ಬುಕ್ ತೆಗೆದು ನೋಡಿದೆ. ನೇರವಾಗಿ ಸೀಳಿದ ಚಕ್ರ ದಿನಕ್ಕೆ ಎರಡು ಪಾಯಿಂಟ್ ಕಳೆದುಕೊಳ್ಳುತ್ತಿದೆ. ಗಾಯವಾದ ಚಕ್ರ ಒಂದು ಪಾಯಿಂಟೂ ಇಳಿಯುತ್ತಿಲ್ಲ. ಅಳೆಯಲು ಗೇಜ್ ಒತ್ತಿದಾಗಲೇ ಪುಸ್ ಎಂದು ಸ್ವಲ್ಪ ಗಾಳಿ ಹೋಗುತ್ತದೆ. ಹೀಗಿರುವಾಗ ಮೂರು ದಿನವೂ 30? ಇಷ್ಟು ಚೊಕ್ಕಟವಾದ ಲೆಕ್ಕವನ್ನು ಯಾವ ಗುಮಾಸ್ತನೂ ನಂಬುವುದಿಲ್ಲ.

ನನಗೆ ಅರ್ಥವಾಯಿತು. ಆದರೆ ಅವನನ್ನು ಕೇಳುವ ಮುಖ ನನಗೆಲ್ಲಿತ್ತು? ಸಾಸಿವೆ ಕಾಳಿನ ವಿಷಯ ಮುಚ್ಚಿಟ್ಟವನು ನಾನೇ ಅಲ್ಲವೇ?

ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಹಳೆಯ ಕಥೆ ಹೇಳಿದೆ. ನಾನು ಬ್ಯಾಂಕಿಗೆ ಸೇರಿದ ಹೊಸತು, ಕ್ಯಾಷ್ ಕೌಂಟರಿನಲ್ಲಿ ಕೂರಿಸಿದ್ದರು. ಒಂದು ಸಂಜೆ ಎಣಿಸಿದರೆ 10 ರೂಪಾಯಿ ಕಡಿಮೆ. ಎರಡು ಸಲ ಎಣಿಸಿದೆ, ಮೂರು ಸಲ ಎಣಿಸಿದೆ. ಹೊರಗೆ ಬಸ್ಸಿನ ಹೊತ್ತು. ಯಾರಿಗೂ ಹೇಳದೆ ನನ್ನ ಜೇಬಿನಿಂದ 10 ರೂಪಾಯಿ ತೆಗೆದು ಹಾಕಿದೆ. ಲೆಕ್ಕ ತಾಳೆಯಾಯಿತು. ಮಾರನೆಯ ದಿನ ಬೆಳಿಗ್ಗೆ ಒಬ್ಬ ಮುದುಕಿ ಸೆರಗಿನ ಗಂಟು ಬಿಚ್ಚುತ್ತಾ ನೇರ ಮ್ಯಾನೇಜರ್ ಕೋಣೆಗೆ ಹೋದರು. "ಸ್ವಾಮಿ, ನಿನ್ನೆ ನಿಮ್ಮ ಹುಡುಗ 10 ರೂಪಾಯಿ ಜಾಸ್ತಿ ಕೊಟ್ಟಿದಾನೆ" ಎಂದರು. ಮ್ಯಾನೇಜರ್ ನನ್ನನ್ನು ಕರೆದರು. "ನಿನ್ನೆ ಕ್ಯಾಷ್ ತಾಳೆ ಆಗಿತ್ತಲ್ಲ, ಹೇಗೆ?" ನಾನು ನಿಂತಲ್ಲೇ ಬೆವತೆ. ಅವರು ಬೈಯಲಿಲ್ಲ. "ನೀವು 10 ರೂಪಾಯಿ ಹಾಕಿ ಲೆಕ್ಕ ಸರಿಮಾಡಲಿಲ್ಲ. ತೂತು ಎಲ್ಲಿದೆ ಅಂತ ನಮಗೆ ಗೊತ್ತಾಗದ ಹಾಗೆ ಮಾಡಿದಿರಿ. ನಾಳೆ ಅದೇ ತೂತಿನಲ್ಲಿ ಸಾವಿರ ಹೋದರೆ?" ಅಂದರು. ಕೆಲಸದಿಂದ ನಿವೃತ್ತಿಯಾಗುವವರೆಗೂ ಆ ಮಾತು ನನ್ನ ಕಿವಿಯಲ್ಲಿತ್ತು.

"ಪುಟ್ಟ, ಇಷ್ಟು ಗೊತ್ತಿದ್ದೂ ಸೋಮವಾರ ನಾನು ಅದೇ ತಪ್ಪು ಮಾಡಿದೆ. ಹಿಂದಿನ ಚಕ್ರದ ಟ್ಯೂಬಿಗೆ ನನ್ನ ಕತ್ತರಿ ತಾಗಿದೆ. ನಿನಗೆ ಹೇಳಲಿಲ್ಲ" ಅಂದೆ.

ಅವನು ತುಂಬಾ ಹೊತ್ತು ನೋಟ್‌ಬುಕ್ಕನ್ನೇ ನೋಡುತ್ತಿದ್ದ. ಆಮೇಲೆ ಸಣ್ಣ ದನಿಯಲ್ಲಿ, "ತಾತ, ನಾನು ಬೆಳಿಗ್ಗೆ ಪಂಪ್ ಹೊಡೆದು ಆಮೇಲೆ ಅಳೀತಿದ್ದೆ" ಅಂದ. ಕಣ್ಣು ತುಂಬಿತ್ತು. "ನಿಜವಾಗಿ ಇವತ್ತು 17 ಇತ್ತು."

ಅಂಥ ಚಕ್ರದಲ್ಲಿ ಬೆಟ್ಟದ ತಿರುವಿನಲ್ಲಿ ಇಳಿಯುವಾಗ ಏನಾಗಬಹುದಿತ್ತು ಎಂದು ನೆನೆದರೆ ಈಗಲೂ ನನಗೆ ಮೈ ನಡುಗುತ್ತದೆ. ಟ್ಯೂಬಿಲ್ಲದ ಟಯರನ್ನು ರಿಮ್ಮಿಗೆ ಹಿಡಿದಿಟ್ಟಿರುವುದು ಒಳಗಿನ ಗಾಳಿಯೇ. ಗಾಳಿ ಇಳಿದ ಟಯರು ತಿರುವಿನಲ್ಲಿ ರಿಮ್ಮು ಬಿಟ್ಟು ಕಳಚಿಕೊಂಡರೆ ಸವಾರ ನೆಲಕ್ಕೆ.

ಭಾನುವಾರ ಗೆಳೆಯರು ಹೋದರು. ಪುಟ್ಟ ಹೋಗಲಿಲ್ಲ. ಮಾಮೂಲಿ ಟ್ಯೂಬ್ ಹಾಕೋಣವೆಂದರೆ ಹಳೆಯದನ್ನೆಲ್ಲ ಅಭ್ಯಾಸಕ್ಕೆಂದು ಕತ್ತರಿಸಿ ಹಾಕಿದ್ದೆವು. ಬೆಳಗ್ಗೆ ಆರಕ್ಕೆ ಯಾವ ಅಂಗಡಿ ತೆಗೆದಿರುತ್ತದೆ? ಅವನು ಗೇಟಿನ ಹತ್ತಿರ ನಿಂತು ಅವರಿಗೆ ಕೈ ಬೀಸಿ ಒಳಗೆ ಬಂದ. ಅಜ್ಜಿ ಅವನಿಗೆ ಇಷ್ಟವೆಂದು ಅಕ್ಕಿ ರೊಟ್ಟಿ ಮಾಡಿದಳು. ಅವನು ಒಂದನ್ನೂ ಪೂರ್ತಿ ತಿನ್ನಲಿಲ್ಲ.

ಹತ್ತು ಗಂಟೆಗೆ ಅವನೇ ಚಕ್ರ ಬಿಚ್ಚಿಕೊಂಡು ಬಂದ. ಸೋಪಿನ ನೀರು ಬಿಟ್ಟು ನೋಡಿದೆವು. ಟಯರಿನ ಅಂಚಿನಲ್ಲಿ ಗುಳ್ಳೆ ಇಲ್ಲ. ವಾಲ್ವಿನ ಬುಡದಲ್ಲಿ, ಅದರ ಪಕ್ಕದ ಸ್ಪೋಕಿನ ತೂತುಗಳಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. "ಅಷ್ಟು ಹಾಲಿದ್ದರೂ ಈ ತೂತು ಯಾಕೆ ಮುಚ್ಚಲಿಲ್ಲ ತಾತ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಚಕ್ರ ತಿರುಗುವಾಗ ಒಳಗಿನ ಹಾಲು ಹೊರಸುತ್ತಿಗೆ, ಅಂದರೆ ನೆಲಕ್ಕೆ ತಾಗುವ ಟಯರಿನ ಕಡೆಗೆ ಸರಿಯುತ್ತದೆ. ಒದ್ದೆ ಕೊಡೆಯನ್ನು ಗಿರ್ರನೆ ತಿರುಗಿಸಿದರೆ ನೀರು ಅಂಚಿನಿಂದ ಹೊರಗೆ ಹಾರುವುದಿಲ್ಲವೇ, ಹಾಗೆ. ಮುಳ್ಳು ಚುಚ್ಚುವುದೂ ಅಲ್ಲೇ. ಹಾಗಾಗಿ ಅಲ್ಲಿ ಹಾಲು ಚೆನ್ನಾಗಿ ಕೆಲಸ ಮಾಡುತ್ತದೆ. ಒಳಸುತ್ತಿನಲ್ಲಿ, ರಿಮ್ಮಿನ ಮೇಲಿದ್ದ ನನ್ನ ಸಾಸಿವೆ ಕಾಳಿಗೆ ಅದು ಮುಟ್ಟುತ್ತಲೇ ಇರಲಿಲ್ಲ.

ಸೋಮವಾರ ಹೊಸದೊಂದು 20 ಇಂಚಿನ ಟ್ಯೂಬ್ ತಂದೆವು. ಈ ಸಲ ಕತ್ತರಿ ಪುಟ್ಟನ ಕೈಯಲ್ಲಿ. ನಾನು ಟ್ಯೂಬ್ ಎತ್ತಿ ಹಿಡಿಯುವ ಕೆಲಸ ಮಾಡಿದೆ. ಮಾರನೆಯ ಬೆಳಿಗ್ಗೆ 27, ಆಮೇಲೆ 28, 28, 29. ಅವನೇ ಅಳೆದ, ಅವನೇ ಬರೆದ. ನಾನು ಪಕ್ಕದಲ್ಲಿ ನಿಲ್ಲಲೂ ಇಲ್ಲ.

ಮುಂದಿನ ಭಾನುವಾರ ಗೆಳೆಯರು ಅವನಿಗಾಗಿ ಇನ್ನೊಮ್ಮೆ ಹೊರಟರು. ಮಧ್ಯಾಹ್ನ ಮನೆಗೆ ಬಂದವನು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ನನ್ನನ್ನು ಕರೆದ. ಹಿಂದಿನ ಟಯರಿನಲ್ಲಿ ಎರಡು ಜಾಲಿ ಮುಳ್ಳು, ಮುಂದಿನದರಲ್ಲಿ ಒಂದು. ಒಂದನ್ನು ಕಿತ್ತ. ಸುಯ್ ಎಂದಿತು, ಬಿಳಿ ಹನಿಯೊಂದು ಹೊರಬಂತು. ತೂತು ಕೆಳಗೆ ಬರುವಂತೆ ಚಕ್ರವನ್ನು ತಿರುಗಿಸಿದ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹತ್ತು ಎಣಿಸುವುದರೊಳಗೆ ಸದ್ದು ನಿಂತಿತು. ಹನಿಯ ನಡುವೆ ತಂಗಿಯ ಗ್ಲಿಟರ್ ಪುಡಿ ಮಿನುಗುತ್ತಿತ್ತು. ಅವಳಿಗೆ ಹೇಳತೀರದ ಹೆಮ್ಮೆ.

ನೀವೂ ಮಾಡಿ ನೋಡುವುದಾದರೆ ಕೆಲವು ಮಾತು. ದೊಡ್ಡವರೊಬ್ಬರು ಜೊತೆಯಲ್ಲಿರಲಿ. ಗಾಳಿ ತುಂಬುವಾಗ ಕಣ್ಣಿಗೆ ಕನ್ನಡಕ ಇರಲಿ, ಮುಖ ಟಯರಿನಿಂದ ದೂರ ಇರಲಿ. ಈ ಮನೆಮದ್ದು ದಪ್ಪ ಟಯರಿಗೆ ಮಾತ್ರ. ಹೆಚ್ಚು ಗಾಳಿ ಬೇಡುವ ತೆಳ್ಳನೆಯ ರೇಸ್ ಟಯರಿಗೆ ಬೇಡವೇ ಬೇಡ. ಸೊಟ್ಟ ರಿಮ್ಮಿಗೆ, ಸವೆದ ಟಯರಿಗೂ ಬೇಡ. ನಮ್ಮದಕ್ಕೆ 30 ಪಾಯಿಂಟ್ ಸಾಕು, 35 ದಾಟಿಸುವುದಿಲ್ಲ. ಅಮೋನಿಯ ಇರುವುದರಿಂದ ಹಾಲನ್ನು ಬಯಲಲ್ಲೇ ಬೆರೆಸಿ. ರಬ್ಬರ್ ಮೈಗೆ ಆಗದವರು ಮುಟ್ಟಬೇಡಿ. ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ನೆಲಕ್ಕೆ ಬಿದ್ದರೂ ಅಷ್ಟೆ, ನಮ್ಮ ವರಾಂಡವೇ ಸಾಕ್ಷಿ. ಬಿಸಿಲಿಗೆ ಹಾಲು ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ ಮತ್ತೆ ಹಾಕಬೇಕು. ಮುಳ್ಳಿನ ತೂತು ಮುಚ್ಚುತ್ತದೆಯೇ ಹೊರತು ಗಾಜು ಕೊಯ್ದ ದೊಡ್ಡ ಸೀಳು ಮುಚ್ಚುವುದಿಲ್ಲ. ಆದ್ದರಿಂದ ಚೀಲದಲ್ಲಿ ಒಂದು ಒಳ್ಳೆಯ ಟ್ಯೂಬ್, ಪಂಪು ಇದ್ದೇ ಇರಲಿ. ಇದ್ದ ಟ್ಯೂಬನ್ನೆಲ್ಲ ಕತ್ತರಿಸಿ ಹಾಕುವ ಬುದ್ಧಿವಂತಿಕೆ ನಮಗೇ ಇರಲಿ, ನಿಮಗೆ ಬೇಡ.

ತಾತ ಅಜ್ಜಿಯರಿಗೆ ಒಂದೇ ಮಾತು. ನಮ್ಮ ಕೈ ನಡುಗುತ್ತದೆ. ಅದು ವಯಸ್ಸಿನ ಧರ್ಮ, ನಾಚಿಕೆ ಬೇಡ. ನಡುಗಿದ್ದನ್ನು ಮೊಮ್ಮಕ್ಕಳಿಗೆ ಹೇಳಿಬಿಡೋಣ. ನಾವು ಹೇಳಿದರೆ ಅವರೂ ಹೇಳುತ್ತಾರೆ.

ಆ ನೋಟ್‌ಬುಕ್ ನನ್ನ ಮೇಜಿನ ಮೇಲೆ ಈಗಲೂ ಇದೆ. ಮೂರು ದಿನದ 30, 30, 30ನ್ನು ಪುಟ್ಟ ಅಳಿಸಲಿಲ್ಲ. ಬ್ಯಾಂಕಿನಲ್ಲಿ ಮಾಡುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಕೆಳಗೆ ತನ್ನ ಸಹಿ ಹಾಕಿದ್ದಾನೆ. ಅದರ ಕೆಳಗೆ ನಾನೂ ಸಹಿ ಹಾಕಿದ್ದೇನೆ.

ಈ ವಾರದ ಲೆಕ್ಕ: ಎರಡು ಪಾಲು ರಬ್ಬರ್ ಹಾಲಿಗೆ ಒಂದು ಪಾಲು ನೀರು. ಒಂದು ಚಕ್ರಕ್ಕೆ 75 ಮಿಲಿಲೀಟರ್ ಮಿಶ್ರಣ. ನಮಗೆ ಬಂದದ್ದು 500 ಮಿಲಿಲೀಟರ್ ಹಾಲು. ಅಷ್ಟನ್ನೂ ಬೆರೆಸಿದರೆ ಎಷ್ಟು ಚಕ್ರಕ್ಕೆ ಸಾಕಾಗುತ್ತದೆ? ತಾತ ಬಾಯಿಲೆಕ್ಕದಲ್ಲಿ ಮಾಡಲಿ, ಮೊಮ್ಮಕ್ಕಳು ಕಾಗದದ ಮೇಲೆ ಮಾಡಲಿ. ತಾಳೆಯಾಗದಿದ್ದರೆ ಯಾರೂ ಜೇಬಿನಿಂದ ಹಾಕಬೇಡಿ. ಉತ್ತರ ಮುಂದಿನ ವಾರ.